ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: 14,000 ಕಿ.ಮೀ.ಗೆ 17 ಗಂಟೆ ಯಾಕೆ?

ಪ್ರಶ್ನೆ: ಸರ್, ನೀವು ಫ್ಲೈಟ್ ಡಿಸ್ಪ್ಯಾಚರ್, ಅಂದರೆ ವಿಮಾನದ ದಾರಿ, ಇಂಧನ ಎಲ್ಲ ಲೆಕ್ಕ ಹಾಕಿ ಕಳಿಸುವವರು ಅಂತ ಹೋದ ವಾರ ಬರೆದಿದ್ದಿರಿ, ಅದಕ್ಕೇ ಕೇಳುತ್ತಿದ್ದೇನೆ. ತಂಗಿಯ ಬಾಣಂತನಕ್ಕೆ ಅಮ್ಮ ಹಾಸನದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದಾರೆ. ಬೆಂಗಳೂರಿಂದ ಅಲ್ಲಿಗೆ ಸುಮಾರು 14,000 ಕಿ.ಮೀ. ಅಂತೆ. ವಿಮಾನ ಗಂಟೆಗೆ 900 ಕಿ.ಮೀ. ಹೋದರೆ ಹದಿನೈದೂವರೆ ಗಂಟೆ ಸಾಕಲ್ವಾ? ನೇರ ವಿಮಾನಕ್ಕೂ 17 ಗಂಟೆ ಅಂತಾರೆ. ಉಳಿದದ್ದು ಎಲ್ಲಿ ಹೋಯ್ತು?

ಉತ್ತರ: ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಆ 14,000 ಅನ್ನೋದು ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದರೆ ಸಿಗುವ ದೂರ. ಆ ದಾರ ನೇಪಾಳ, ಟಿಬೆಟ್, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಇಳಿಯುತ್ತದೆ. ನಾವು ಹಾಗೆ ಗೆರೆ ಎಳೆದಂತೆ ಕಳಿಸೋದಿಲ್ಲ. ಟಿಬೆಟ್ ಮೇಲೆ ಕ್ಯಾಬಿನ್ ಒತ್ತಡ ಕುಸಿದರೆ ಉಸಿರಾಡೋಕೆ ಬೇಗ 10,000 ಅಡಿಗೆ ಇಳಿಯಬೇಕು, ಕೆಳಗೆ ಬೆಟ್ಟಗಳೇ ಅದಕ್ಕಿಂತ ಎತ್ತರ! ಇನ್ನು ಟಿಕೆಟ್‌ನಲ್ಲಿರುವ ಸಮಯ ಗೇಟಿಂದ ಗೇಟಿಗೆ, ಅಂದರೆ ರನ್‌ವೇಗೆ ಉರುಳಿಕೊಂಡು ಹೋಗುವುದು, ಸರದಿಯಲ್ಲಿ ಕಾಯುವುದು ಎಲ್ಲ ಅದರಲ್ಲೇ ಸೇರಿದೆ.

ಆದರೆ ದಾರಿ ಆರಿಸುವಾಗ ಎಲ್ಲಕ್ಕಿಂತ ದೊಡ್ಡದು ಗಾಳಿ. ಮೇಲೆ ಜೆಟ್ ಸ್ಟ್ರೀಮ್ ಅಂತ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ಹಾರಿದ್ದು ಸುಮಾರು 15,300 ಕಿ.ಮೀ., ಹಳೆ ದಾರಿಗಿಂತ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಹಳೆ ದಾರಿಗಿಂತ ಎರಡು ಗಂಟೆಯಷ್ಟು ಬೇಗ, ಯಾಕಂದ್ರೆ ಗಾಳಿ ಬೆನ್ನ ಹಿಂದಿತ್ತು. ನಾವು ಕಿಲೋಮೀಟರ್ ಉಳಿಸಲ್ಲ, ಇಂಧನ ಮತ್ತು ನಿಮಿಷ ಉಳಿಸುತ್ತೇವೆ. ಹಾಗಾಗಿ ದಾರಿ ದಿನಾ ಒಂದೇ ಇರೋದಿಲ್ಲ.

ಮತ್ತೊಬ್ಬರು: ಉತ್ತರ ಧ್ರುವದ ಮೇಲೂ ಹೋಗ್ತಾರಲ್ವಾ?

ಉತ್ತರ: ಹೋಗಿದ್ದಾರೆ. 2021ರ ಜನವರಿಯಲ್ಲಿ ಇದೇ ಮಾರ್ಗದ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಧ್ರುವದ ಮೇಲೆಯೇ. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿ ಪೂರ್ತಿ ಹೆಂಗಸರೇ. ಅಲ್ಲಿ ನಮ್ಮ ತಲೆನೋವು ಇಂಧನ. ವಿಮಾನಕ್ಕೆ ತುಂಬುವ ಜೆಟ್ ಎ-1 ಅನ್ನೋ ಇಂಧನ ಹೆಪ್ಪುಗಟ್ಟುವುದು ಮೈನಸ್ 47 ಡಿಗ್ರಿಗೆ, ಹೊರಗಿನ ಚಳಿ ಕೆಲವೊಮ್ಮೆ ಅದಕ್ಕಿಂತ ಕೆಳಗೆ. ಟ್ಯಾಂಕಿನ ಉಷ್ಣತೆ ನೋಡ್ತಾ ಇರಬೇಕು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಅಮ್ಮನಿಗೆ ಇನ್ನೊಂದು ಗೊಂದಲ. ಮಧ್ಯಾಹ್ನ ಎರಡಕ್ಕೆ ಹೊರಟು ಅದೇ ದಿನ ಸಂಜೆ ಇಳಿಯೋದು ಹೇಗೆ? ಬಿಪಿ ಮಾತ್ರೆ ಬೇರೆ ಇದೆ.

ಉತ್ತರ: ಎರಡಕ್ಕೆ 17 ಸೇರಿಸಿ, ನಮ್ಮಲ್ಲಿ ಮರುದಿನ ಬೆಳಗ್ಗೆ ಏಳು. ಅಲ್ಲಿಯ ಗಡಿಯಾರ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಅಂದರೆ ಅಲ್ಲಿ ಹಿಂದಿನ ದಿನ ಸಂಜೆ ಆರೂವರೆ. ಚಳಿಗಾಲದಲ್ಲಿ ಹದಿಮೂರೂವರೆ ಹಿಂದೆ, ಆಗ ಐದೂವರೆ. ಮಾತ್ರೆ ಎಷ್ಟೊತ್ತಿಗೆ ಅಂತ ಡಾಕ್ಟರನ್ನೇ ಕೇಳಿ, ನಾನು ಹೇಳೋದು ತಪ್ಪಾಗುತ್ತೆ. ಕೈಗಡಿಯಾರ ಮಾತ್ರ ಇಳಿಯುವವರೆಗೂ ನಮ್ಮ ಟೈಮಲ್ಲೇ ಇರಲಿ. ಮಾತ್ರೆ ಡಬ್ಬಿ ಕೈಚೀಲದಲ್ಲೇ ಇಡಿ, ದೊಡ್ಡ ಬ್ಯಾಗಲ್ಲಿ ಉಪ್ಪಿನಕಾಯಿ ಜೊತೆ ಕಳಿಸಬೇಡಿ.