ಮಾಗಡಿ ಕೆರೆಯ ಬಾತುಗಳ ಮೇಲೆ ಡ್ರೋನ್: ಎಷ್ಟು ದೂರವಿದ್ದರೆ ಸರಿ?

ಶಿರಹಟ್ಟಿ ರೈತ:
ನಮ್ಮ ಹೊಲ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹತ್ತಿರ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು, ಹೊತ್ತೇರಿದ ಮೇಲೆ ಕೆರೆಗೆ ಬಂದು ಕೂರುತ್ತವೆ. ಕಡಲೆ, ಶೇಂಗಾ ತಿಂದು ಹೋದರೂ ನಮ್ಮ ಮನೆಯಲ್ಲಿ ಯಾರೂ ಅವುಗಳತ್ತ ಕಲ್ಲು ಬೀಸಿದ್ದಿಲ್ಲ.

ಈಗ ಮದುವೆ ವಿಡಿಯೊ ಮಾಡುವ ಹುಡುಗರು ಏರಿಯ ಮೇಲೆ ನಿಂತು ಡ್ರೋನ್ ಹಾರಿಸುತ್ತಿದ್ದಾರೆ. ಜೋಡಿ ನಡೆದು ಬರುವಾಗ ಹಿಂದೆ ಇಡೀ ಹಿಂಡು ಎದ್ದು ಹಾರಬೇಕಂತೆ. ಸದ್ದು ಕೇಳಿದೊಡನೆ ಗರಿ ತಿದ್ದಿಕೊಳ್ಳುತ್ತಿದ್ದ ಬಾತುಗಳು ಅದನ್ನು ಬಿಟ್ಟು ಕತ್ತು ನೆಟ್ಟಗೆ ಮಾಡುತ್ತವೆ. ರೆಕ್ಕೆಯೊಳಗೆ ಕೊಕ್ಕು ಹುದುಗಿಸಿ ಮಲಗಿದ್ದವೂ ಎದ್ದು ನಿಲ್ಲುತ್ತವೆ. ಎಲ್ಲೋ ಒಂದು ಕೂಗಿದರೆ ಸಾಕು, ನೀರೆಲ್ಲ ಖಾಲಿ. ಸುತ್ತು ಹೊಡೆದು ಇಳಿಯಲು ಬಂದರೆ ಡ್ರೋನ್ ಅಲ್ಲೇ ಇರುತ್ತದೆ.

ಕೇಳಿದರೆ, "ಇದು 250 ಗ್ರಾಮಿನೊಳಗಿನದು, ಲೈಸೆನ್ಸ್ ಬೇಡ" ಎನ್ನುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಬರೀ ಸಿಟ್ಟಿನಿಂದ ವಾದ ಗೆಲ್ಲಲಾಗದು. ಎಷ್ಟು ದೂರವಿದ್ದರೆ ತೊಂದರೆಯಿಲ್ಲ?

ಹಕ್ಕಿ ಎಣಿಸುವವನು:
ಎಲ್ಲ ಹಕ್ಕಿಗೂ ಹೊಂದುವ ಒಂದೇ ಅಳತೆ ಇಲ್ಲ. ಫ್ರಾನ್ಸಿನ ವಿಜ್ಞಾನಿಗಳು ಬಾತು, ರಾಜಹಂಸ, ಗೊರವಗಳತ್ತ ಡ್ರೋನ್ ಹಾರಿಸಿ ನೋಡಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನೂರಕ್ಕೆ 80 ಸಲ 4 ಮೀಟರ್‌ವರೆಗೆ ಹೋದರೂ ಹಕ್ಕಿಗಳು ಕದಲಿದಂತೆ ಕಾಣಲಿಲ್ಲ. ಆದರೆ ನೆತ್ತಿಯ ಮೇಲಿಂದ ನೇರ ಇಳಿದಾಗ ಹೆಚ್ಚು ಬೆದರಿದವು. ಹದ್ದು ಎರಗುವುದೂ ಮೇಲಿನಿಂದಲೇ ಅಲ್ಲವೇ?

ನಿಮ್ಮ ಹುಡುಗರು ಆ 4 ಮೀಟರ್ ಲೆಕ್ಕವನ್ನೇ ಹಿಡಿದುಕೊಂಡಾರು. ಕದಲಲಿಲ್ಲವೆಂದರೆ ಹೆದರಲಿಲ್ಲ ಎಂದಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ ಕಪ್ಪು ಕರಡಿಗಳ ಎದೆಬಡಿತ ಅಳೆದಾಗ, ಇದ್ದಲ್ಲೇ ಇದ್ದ ಕರಡಿಯ ಬಡಿತವೂ ಡ್ರೋನ್ ಬಂದೊಡನೆ ಏರಿತ್ತು. ನಿಮ್ಮ ಬಾತುಗಳಂತೂ ಎದ್ದೇ ಹಾರುತ್ತಿವೆ. ಹಿಮಾಲಯ ದಾಟಿ ಮರಳಲು ಅವು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುವ ಕಾಲವಿದು. ಆ ದಪ್ಪ ಮೈಯನ್ನು ನೀರಿನಿಂದ ಮೇಲೆತ್ತುವುದೇ ದುಬಾರಿ ಕೆಲಸ.

ಡ್ರೋನ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎಣಿಕೆಗೆ ಅದು ಕಣ್ಣಿಗಿಂತ ನಿಖರ ಎಂಬುದನ್ನು ಆಸ್ಟ್ರೇಲಿಯಾದಲ್ಲಿ ಪ್ಲಾಸ್ಟಿಕ್ ಬಾತುಗಳನ್ನಿಟ್ಟು ಪರೀಕ್ಷಿಸಿ ತೋರಿಸಿದ್ದಾರೆ. ಎಣಿಸುವವರು ದೂರದಿಂದ ಏರಿಸಿ, ಒಂದೇ ಎತ್ತರದಲ್ಲಿ ಸಾಗಿ, ಕತ್ತು ನೆಟ್ಟಗಾದೊಡನೆ ಹಿಂದಿರುಗುತ್ತಾರೆ. ಕತ್ತೇ ನಿಮ್ಮ ಅಳತೆಗೋಲು.

ಮದ್ದೂರಿನವಳು:
ಅಣ್ಣಾ, ನಿಮ್ಮಲ್ಲಿ ಗೂಡುಗಳಿಲ್ಲ, ಅದೊಂದು ಪುಣ್ಯ. ನಮ್ಮ ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆಯ ಎಳೆಮರಿಗೆ ಮೈಮೇಲೆ ಪುಕ್ಕವೇ ಇರುವುದಿಲ್ಲ, ಬಿಸಿಲಿಗೆ ತಾಯಿಯ ರೆಕ್ಕೆಯೇ ನೆರಳು. ತಾಯಿ ಬೆದರಿ ಎದ್ದರೆ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಕಾಗೆ. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾದಲ್ಲಿ ಗೂಡು ಕಟ್ಟುವ ನೆಲದ ಮೇಲೆ ಒಂದು ಡ್ರೋನ್ ಬಿದ್ದದ್ದಕ್ಕೆ ರೀವ (ಟರ್ನ್) ಹಕ್ಕಿಗಳು 1,500ಕ್ಕೂ ಹೆಚ್ಚು ಮೊಟ್ಟೆಗಳನ್ನು ಬಿಟ್ಟು ಹೋದವು. ಆ ಚಿತ್ರ ನೋಡಿ ನನಗೆ ಊಟ ಸೇರಲಿಲ್ಲ.

ಗದಗದ ವಕೀಲ:
2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಮಿನವರೆಗಿನ ಡ್ರೋನಿಗೆ ಪೈಲಟ್ ಪ್ರಮಾಣಪತ್ರದ ವಿನಾಯಿತಿ ಇರುವುದು ನಿಜ. ಆದರೆ ಅದು ವಿಮಾನಯಾನದ ಮಾತು. ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶ, 2024ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. 1972ರ ವನ್ಯಜೀವಿ ಕಾಯ್ದೆಯ 27(4)ನೇ ಕಲಂ ಇಂಥ ಮೀಸಲಿಗೂ ಅನ್ವಯಿಸುತ್ತದೆ: ವನ್ಯಪ್ರಾಣಿಯನ್ನು ಕೆಣಕುವಂತಿಲ್ಲ, ಪೀಡಿಸುವಂತಿಲ್ಲ. ಮದ್ದೂರಿನ ಅಕ್ಕ ಹೇಳಿದ ಗೂಡುಗಳ ವಿಷಯ ಇನ್ನೂ ಗಂಭೀರ. ಸಂರಕ್ಷಿತ ಹಕ್ಕಿಯ ಗೂಡಿಗೆ ತೊಂದರೆ ಕೊಡುವುದನ್ನು ಕಾಯ್ದೆ 'ಬೇಟೆ'ಯ ವ್ಯಾಖ್ಯೆಯೊಳಗೇ ಸೇರಿಸಿದೆ. ದಿನಾಂಕ, ಸಮಯ ಕಾಣುವಂತೆ ವಿಡಿಯೊ ಮಾಡಿಕೊಂಡು ವಲಯ ಅರಣ್ಯಾಧಿಕಾರಿಗೆ ಲಿಖಿತ ದೂರು ಕೊಡಿ.

ಶಿರಹಟ್ಟಿ ರೈತ:
ಎಲ್ಲರಿಗೂ ಧನ್ಯವಾದ. ಮೊದಲು ಆ ಹುಡುಗರನ್ನೇ ಕೂರಿಸಿಕೊಂಡು ಮಾತಾಡುತ್ತೇನೆ, ಅವರೂ ನಮ್ಮ ಸೀಮೆಯವರೇ. ಕೇಳದಿದ್ದರೆ ದೂರು. ಇನ್ನೊಂದು ಸಂಶಯ: ಕೆರೆಗೆ ಅಂಟಿದ ಹೊಲಗಳಲ್ಲಿ ಔಷಧಿ ಸಿಂಪಡಿಸಲು ಡ್ರೋನ್ ಬಾಡಿಗೆಗೆ ತರುವ ಮಾತು ನಡೆದಿದೆ. ಅದಕ್ಕೇನು ಮಾಡುವುದು?

ಹಕ್ಕಿ ಎಣಿಸುವವನು:
ಅದರ ಸದ್ದೂ ಗಾತ್ರವೂ ದೊಡ್ಡದು, ಜೊತೆಗೆ ವಿಷ. ಔಷಧಿ ಬಿದ್ದ ಕಡಲೆಯನ್ನೇ ಬಾತುಗಳು ಅಂದು ರಾತ್ರಿ ಮೇಯುತ್ತವೆ. ಬಾತುಗಳು ಇರುವವರೆಗೆ ಕೆರೆಯಂಚಿನ ಹೊಲಗಳಿಗೆ ಡ್ರೋನ್ ಬೇಡವೆಂದು ಅಕ್ಕಪಕ್ಕದ ರೈತರನ್ನು ಈಗಲೇ ಒಪ್ಪಿಸಿ. ಬಾಡಿಗೆಗೆ ಮುಂಗಡ ಕೊಟ್ಟ ಮೇಲೆ ಯಾರೂ ಕೇಳುವುದಿಲ್ಲ.