ಏಳು ತಿಂಗಳ ಮಗು: ಜ್ವರ ಹಲ್ಲಿನದ್ದೇ? ಬ್ರಷ್, ಪೇಸ್ಟ್ ಯಾವಾಗಿನಿಂದ?

ಪ್ರಶ್ನೆ
ಕೆಳಗಿನ ಎರಡು ಬಾಚಿಹಲ್ಲು ಈಗಷ್ಟೇ ವಸಡು ಸೀಳಿ ಇಣುಕುತ್ತಿವೆ. ಜೊಲ್ಲು ವಿಪರೀತ. ಎರಡು ದಿನದಿಂದ 38.6 ಡಿಗ್ರಿ ಸೆಲ್ಸಿಯಸ್ ಜ್ವರ, ಜೊತೆಗೆ ಭೇದಿ. “ಹಲ್ಲು ಬರೋವಾಗ ಇದೆಲ್ಲ ಇದ್ದದ್ದೇ” ಅಂತಾರೆ ಹಿರಿಯರು, ನಿಜವೇ? ವಸಡಿಗೆ ಹಚ್ಚುವ ಜೆಲ್ ಬಳಸಬಹುದೇ? ಎರಡೇ ಹಲ್ಲಿಗೂ ಬ್ರಷ್ ಬೇಕೇ?

ಉತ್ತರ 1
ಜೊಲ್ಲು, ಕಿರಿಕಿರಿ, ಸಿಕ್ಕಿದ್ದನ್ನೆಲ್ಲ ಕಚ್ಚುವುದು ಹಲ್ಲಿನದ್ದೇ. ಮೈ ತುಸು ಬೆಚ್ಚಗಾದರೂ ಸರಿ. ಆದರೆ 38 ದಾಟಿದ ಜ್ವರವನ್ನೂ ಭೇದಿಯನ್ನೂ ಹಲ್ಲಿನ ಲೆಕ್ಕಕ್ಕೆ ಬರೆಯಬೇಡಿ. ತಾಯಿಯಿಂದ ಬಂದ ಪ್ರತಿಕಾಯಗಳು ಕಡಿಮೆಯಾಗುವುದೂ, ಕೈಗೆ ಸಿಕ್ಕಿದ್ದೆಲ್ಲ ಬಾಯಿ ಸೇರುವುದೂ ಆರು ತಿಂಗಳ ಆಸುಪಾಸಿನಲ್ಲೇ. ಹಾಗಾಗಿ ಸೋಂಕಿನ ತಪ್ಪು ಹಲ್ಲಿನ ತಲೆಗೆ ಬರುತ್ತದೆ. ಇವತ್ತೇ ಮಕ್ಕಳ ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಹಾಲು ಪದೇಪದೇ ಕೊಡುತ್ತಿರಿ. ಮೂತ್ರ ತೀರಾ ಕಡಿಮೆಯಾದರೆ, ನೆತ್ತಿ ಅಥವಾ ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ತಡಮಾಡಬೇಡಿ.

ಜೆಲ್ ಬೇಡ. ಬೆಂಜೊಕೇನ್ ಎಂಬ ಮರಗಟ್ಟಿಸುವ ಮದ್ದು ಇರುವ ಜೆಲ್ ಅಪರೂಪಕ್ಕೆ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಂದಿಸುತ್ತದೆ, ತುಟಿ, ಚರ್ಮ ನೀಲಿಗಟ್ಟುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಅಂಥದ್ದೇ ಇನ್ನೊಂದು ಮದ್ದು ಲಿಡೊಕೇನ್ ನುಂಗಿದರೆ ಫಿಟ್ಸ್, ಹೃದಯದ ತೊಂದರೆ ಆಗಬಹುದು. ಅದೂ ಅಲ್ಲದೆ ಜೊಲ್ಲು ಸುರಿಯುವ ಬಾಯಲ್ಲಿ ಜೆಲ್ ನಿಲ್ಲುವುದೇ ಇಲ್ಲ, ಮತ್ತೆಮತ್ತೆ ಹಚ್ಚಿದಂತೆ ಪ್ರಮಾಣ ಏರುತ್ತದೆ.

ಬದಲಿಗೆ, ತೊಳೆದ ಬೆರಳಿನಿಂದ ವಸಡನ್ನು ಒಂದೆರಡು ನಿಮಿಷ ಉಜ್ಜಿ. ಗಟ್ಟಿ ರಬ್ಬರಿನ ಟೀಥರನ್ನು (ಮಗು ಕಚ್ಚಲು ಕೊಡುವ ಆಟಿಕೆ) ಫ್ರಿಜ್ಜಿನಲ್ಲಿ ತಂಪಾಗಿಸಿ ಕೊಡಿ. ಫ್ರೀಜರ್ ಬೇಡ, ಕಲ್ಲಾದ ಟೀಥರ್ ವಸಡಿಗೆ ಪೆಟ್ಟು ಮಾಡುತ್ತದೆ. ಒಳಗೆ ದ್ರವ ತುಂಬಿದ್ದೂ ಬೇಡ, ಒಡೆಯುತ್ತದೆ. ಹಲ್ಲು ಬರುವಾಗ ಹಾಕುವ ಮಣಿಸರವೂ ಬೇಡ: ಸರ ಕೊರಳಿಗೆ ಉರುಳಾಗಬಹುದು, ಕಿತ್ತುಬಂದ ಮಣಿ ಗಂಟಲಿಗೆ ಸಿಕ್ಕಬಹುದು.

ಉತ್ತರ 2
ಬ್ರಷ್ ಬೇಕು, ಮೊದಲ ಹಲ್ಲಿನಿಂದಲೇ, ದಿನಕ್ಕೆರಡು ಸಲ. ಚಿಕ್ಕ ತಲೆಯ, ಮೆದು ಎಳೆಯ ಬ್ರಷ್. ಪೇಸ್ಟ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಫ್ಲೋರೈಡ್ ಇರುವಂಥದ್ದು, ಅಕ್ಕಿಕಾಳಿನಷ್ಟು ಮಾತ್ರ. ಅದನ್ನು ಎಳೆಗಳ ಒಳಕ್ಕೆ ಒತ್ತಿಬಿಡಿ. ಮೇಲೆ ಗುಡ್ಡೆಯಾಗಿ ಕೂತರೆ ಮಗು ಮೊದಲು ಅದನ್ನೇ ಚೀಪುತ್ತದೆ.

ಮಗುವಿನ ತಲೆ ನಿಮ್ಮ ತೊಡೆಯ ಮೇಲೆ, ಮುಖ ಮೇಲ್ಮುಖವಾಗಿರಲಿ. ಒಂದು ಬೆರಳಿನಿಂದ ತುಟಿ ಸರಿಸಿ, ಹಲ್ಲು ವಸಡು ಸೇರುವ ಗೆರೆಯ ಮೇಲೆ ಬ್ರಷ್ ಓರೆಯಾಗಿಟ್ಟು ಸಣ್ಣಸಣ್ಣದಾಗಿ ತಿಕ್ಕಿ. ಹೆಚ್ಚಿನವರು ತುದಿ ತಿಕ್ಕಿ ಬಿಡುತ್ತಾರೆ, ಕೊಳೆ ಕೂರುವುದು ಬುಡದಲ್ಲಿ.

ಪ್ರಶ್ನೆ ಕೇಳಿದವರು
ಉಗುಳಲು ಬಾರದ ಮಗು ಫ್ಲೋರೈಡ್ ನುಂಗಿದರೆ?

ಉತ್ತರ 2
ನುಂಗುತ್ತದೆ ಎಂದೇ ಆ ಅಳತೆ. ಅಕ್ಕಿಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ, ಅದರಲ್ಲಿ ಫ್ಲೋರೈಡ್ ಸುಮಾರು 0.1 ಮಿಲಿಗ್ರಾಂ. ಬಟಾಣಿಯಷ್ಟು ಹಾಕುವುದು ಮೂರು ವರ್ಷದ ನಂತರ. ಟ್ಯೂಬ್ ಮಾತ್ರ ಕೈಗೆ ಸಿಗದಂತಿಡಿ.

ಉತ್ತರ 3
ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಮೇಲಿನ ಬಾಚಿಹಲ್ಲುಗಳ ಸುತ್ತ ನಿಂತುಬಿಡುತ್ತದೆ. ಆ ಹಲ್ಲು ಸಾಮಾನ್ಯವಾಗಿ 8ರಿಂದ 12 ತಿಂಗಳಿಗೆ ಬರುತ್ತವೆ. ಬಂದ ಮೇಲೆ ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ: ವಸಡಿನಂಚಿಗೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಹುಳುಕಿನ ಮೊದಲ ಹಂತ. ಆಗ ಹಿಡಿದರೆ ದಂತವೈದ್ಯರು ಹಲ್ಲಿಗೆ ಬಳಿಯುವ ಫ್ಲೋರೈಡ್ ವಾರ್ನಿಶ್‌ನಿಂದ ತಡೆಯಬಹುದು, ಕಂದುಬಣ್ಣಕ್ಕೆ ತಿರುಗಿ ಗುಳಿಬಿದ್ದರೆ ಅದು ತಾನಾಗಿ ತುಂಬದು. ದಂತವೈದ್ಯರ ಮೊದಲ ಭೇಟಿ ಒಂದು ವರ್ಷ ತುಂಬುವುದರೊಳಗೆ ಆಗಲಿ.