ಸೊಂಟದ 4 ಮತ್ತು 5ನೇ ಮೂಳೆಗಳ ನಡುವಿನ ಮೆತ್ತೆ (ಎಲ್4-ಎಲ್5 ಡಿಸ್ಕ್) ಜಾರಿ ಕಾಲಿಗೆ ನೋವು ಇಳಿದರೆ: ಆಪರೇಷನ್ನೋ, ಕಾಯುವುದೋ?

ನರತಂತು: ನೋವಷ್ಟೇ ಇದ್ದು ಕಾಲಿನ ಬಲ ಕುಂದದಿದ್ದರೆ ಆರು ವಾರ ಕಾಯಬಹುದು. ಡಿಸ್ಕಿನಿಂದ ಹೊರಬಿದ್ದ ತುಣುಕನ್ನು ಬಹಳಷ್ಟು ಸಲ ದೇಹವೇ ಕರಗಿಸುತ್ತದೆ. ಹಿಮ್ಮಡಿ ಮೇಲೆ ನಡೆಯಲಾಗದೆ ಪಾದ ಜೋಲುತ್ತಿದ್ದರೆ ಮಾತ್ರ ತಡ ಬೇಡ.

ಶೈಲಜಾ: "ಕಾಯಬಹುದು" ಅನ್ನುವುದು ಸುಲಭ. 2007ರ ನೆದರ್ಲೆಂಡ್ಸ್ ಅಧ್ಯಯನದಲ್ಲಿ (283 ರೋಗಿಗಳು) ಬೇಗ ಆಪರೇಷನ್ ಆದವರ ಕಾಲುನೋವು ಕಾದವರಿಗಿಂತ ಬೇಗ ಇಳಿಯಿತು.

ಮಂಜು ಫಿಸಿಯೋ: ವರ್ಷ ತುಂಬುವಾಗ ಎರಡೂ ಗುಂಪಲ್ಲಿ ಶೇ. 95 ಜನ ಚೇತರಿಸಿಕೊಂಡಿದ್ದರು. ಅದನ್ನೇಕೆ ಬಿಟ್ಟಿರಿ ಮೇಡಂ? ಟ್ರಾಕ್ಷನ್ (ಸೊಂಟವನ್ನು ಎಳೆಯುವ ಚಿಕಿತ್ಸೆ) ಕೊಡಿಸಿ, ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವ ವ್ಯಾಯಾಮ ಮಾಡಿಸಿ. ನೋವು ಕಾಲಿಂದ ಸೊಂಟದತ್ತ ಸರಿದರೆ ಮುಂದುವರಿಸಿ, ಪಾದದತ್ತ ಇಳಿದರೆ ನಿಲ್ಲಿಸಿ.

ಶೈಲಜಾ: ಕಾದವರಲ್ಲಿ ಶೇ. 39 ಜನ ಆ ವರ್ಷದೊಳಗೇ ಆಪರೇಷನ್ ಮಾಡಿಸಿಕೊಂಡರು. ನಿಮ್ಮ 95ರೊಳಗೆ ಅವರೂ ಇದ್ದಾರೆ.

ಬಸವರಾಜ: ಟ್ರಾಕ್ಷನ್ ಅಂದ್ರೇನ್ರೀ, ಮಂಚದ ತುದಿಗೆ ಐದು ಕೆಜಿ ತೂಗಬಿಡೋದಾ? ಮೈ ಮತ್ತ ಹಾಸಿಗಿ ನಡುವಿನ ತಿಕ್ಕಾಟಕ್ಕ ಅಷ್ಟೂ ಎಳೆತ ಹೋಗತೈತಿ. ಡಿಸ್ಕಿಗೆ ಏನೂ ಮುಟ್ಟಂಗಿಲ್ಲ. ರೋಗಿ ಮಲಗಿರತಾನ, ಅಷ್ಟ!

ಮಂಜು ಫಿಸಿಯೋ: ಮಂಚದ ಟ್ರಾಕ್ಷನ್ ಬಗ್ಗೆ ಯಾರು ಹೇಳಿದ್ದು? ಯಂತ್ರದ ಟೇಬಲ್ ನಡುವೆ ಬಿಚ್ಚಿಕೊಳ್ಳುತ್ತದೆ, ತಿಕ್ಕಾಟ ಉಳಿಯುವುದಿಲ್ಲ. ಮಂಡಿ ಮಡಚಿ ಕಾಲು ಸ್ಟೂಲ್ ಮೇಲಿಟ್ಟು, ಎಳೆತವನ್ನು ಮೈತೂಕದ ಕಾಲು ಭಾಗದಿಂದ ಶುರುಮಾಡಿ, ಅರ್ಧ ಮೀರದಂತೆ 15 ನಿಮಿಷ.

ನರತಂತು: "ಅರ್ಧ"! 70 ಕೆಜಿ ಆಳಿಗೆ 35 ಕೆಜಿ. ಎದೆಬೆಲ್ಟ್ ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಉಸಿರು ಹಿಡಿಯುತ್ತದೆ. ಇಷ್ಟೆಲ್ಲ ಪಟ್ಟು ಸಿಗುವುದೇನು? ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2013ರ ಕಾಕ್ರೇನ್ ವಿಮರ್ಶೆಯಲ್ಲಿ ಟ್ರಾಕ್ಷನ್‌ನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಮಂಜು ಫಿಸಿಯೋ: ಅದರಲ್ಲಿ ಬರೀ ಬೆನ್ನುನೋವಿನವರನ್ನೂ ಸಯಾಟಿಕಾದವರನ್ನೂ (ನೋವು ಕಾಲಿಗೆ ಇಳಿದವರನ್ನೂ) ಕಲಸಿದ್ದಾರೆ.

ನರತಂತು: ಸಯಾಟಿಕಾದವರನ್ನು ಬೇರೆಯಾಗಿಯೂ ನೋಡಿದ್ದಾರೆ. ಪೂರ್ತಿ ಓದಿ ಬನ್ನಿ.

ಮಂಜು ಫಿಸಿಯೋ: ಓದೋದು ನೀವೊಬ್ಬರೇ ಅಂದುಕೊಂಡಿದ್ದೀರಾ? ಹಾಗಾದರೆ ನರನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆ ಬರೆದುಕೊಡೋದೇಕೆ? 2017ರಲ್ಲಿ 209 ಜನರ ಮೇಲೆ ನೋಡಿದಾಗ ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲಾಗಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಯಿತು.

ನರತಂತು: ಪ್ರಿಗ್ಯಾಬಲಿನ್ ಮಾತು ನಾನೆತ್ತಿಲ್ಲ. ಎಳೆತದ ಲೆಕ್ಕಕ್ಕೆ ಉತ್ತರ ಕೊಡಿ.

ಶೈಲಜಾ: ನಿಮ್ಮಿಬ್ಬರ ಬೆಲ್ಟ್ ಜಗಳದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಯಿತು. ಮೂತ್ರ ಕಟ್ಟಿದರೆ, ಗುದದ್ವಾರದ ಸುತ್ತ, ತೊಡೆಸಂದಿಯಲ್ಲಿ ಜೋಮು ಹಿಡಿದರೆ ಅದೇ ದಿನ ಎಂಆರ್‌ಐ, ತಡಮಾಡದೆ ಆಪರೇಷನ್. ಆರು ವಾರದ ಲೆಕ್ಕ ಅಲ್ಲಿ ನಡೆಯದು.

ಮಂಜು ಫಿಸಿಯೋ: ಅಂಥವರಿಗೆ ಟ್ರಾಕ್ಷನ್ ಕೊಡಿ ಅಂತ ಎಲ್ಲಿ ಬರೆದಿದ್ದೇನೆ, ತೋರಿಸಿ ಮೇಡಂ.